ತುಳಸಿನಾ, ಪುದೀನಾನಾ, ದೊಡ್ಡಪತ್ರೆನಾ, ಕಾಮಕಸ್ತೂರಿನಾ? ಒಂದು ವರ್ಷ ಬಾಲ್ಕನೀಲಿ ಬೆಳ್ಸಿ ನೋಡಿದ್ದು

ಹೋದ ವರ್ಷ ಆಷಾಢದಲ್ಲಿ ಮಗಳಿಗೆ ಶೀತ ಆಗಿ ರಾತ್ರಿಯೆಲ್ಲ ಕೆಮ್ಮು. ಮನೇಲಿ ಮೂರು ಜನಕ್ಕೆ ಮೂರು ಮಾತು. ಅತ್ತೆ ಮೈಸೂರು ಕಡೆಯವ್ರು, "ತುಳಸಿ ಕಷಾಯ ಮಾಡಿ ಕುಡ್ಸಮ್ಮ, ಬೆಳಗ್ಗೆ ಹೊತ್ತಿಗೆ ಹಗುರ ಆಗತ್ತೆ" ಅಂದ್ರು. ಅಮ್ಮ ಸಾಗರದಿಂದ ಫೋನಲ್ಲಿ, "ದೊಡ್ಡಪತ್ರೆ ಎಲೆ ಬಾಡ್ಸಿ ರಸ ಹಿಂಡಿ ಕೊಡೇ, ಅದ್ಕಿಂತ ಬೇರೆ ಏನೂ ಬ್ಯಾಡ" ಅಂದ್ಲು. ನಮ್ಮನೆಯವ್ರು ಯಾವ್ದೋ ವಿಡಿಯೋ ನೋಡ್ಕೊಂಡು ಪುದೀನ ಟೀ ಅಂತ ಶುರು ಮಾಡಿದ್ರು. ಆವಾಗ ಮನೇಲಿ ಇದ್ದಿದ್ದು ತುಳಸಿ ಒಂದೇ, ಸರಿ ಅಂತ ನಾಲ್ಕು ಎಲೆ ಕೀಳೋಣ ಅಂತ ಬಾಲ್ಕನಿ ಬಾಗ್ಲು ತೆಗ್ದ್ರೆ ಅತ್ತೆ ಹಿಂದಿಂದ "ಅಯ್ಯೋ, ಕತ್ತಲಾದ್ಮೇಲೆ ತುಳಸಿ ಕೀಳ್ಬಾರ್ದು" ಅಂತ ತಡೆದ್ರು! ಕುಡ್ಸು ಅಂದಿದ್ದೂ ಅವ್ರೇ, ಕೀಳ್ಬೇಡ ಅಂದಿದ್ದೂ ಅವ್ರೇ. ಕೊನೆಗೆ ಬೆಳಗ್ಗೆ ದೇವ್ರ ಮುಂದೆ ಇಟ್ಟಿದ್ದ ಬಾಡಿದ ಎಲೇಲೇ ಕಷಾಯ ಆಯ್ತು.

ಆ ರಾತ್ರಿನೇ ಡಿಸೈಡ್ ಮಾಡ್ದೆ, ಈ ಎಲ್ಲಾ ಗಿಡಾನೂ ತಂದು ಬೆಳ್ಸಿ, ಒಂದೊಂದನ್ನೂ ನಾನೇ ಟ್ರೈ ಮಾಡಿ ನೋಡ್ಬಿಡ್ತೀನಿ ಅಂತ. ಅತ್ತೆ ಪಾರ್ಟಿ, ಅಮ್ಮನ ಪಾರ್ಟಿ, ವಿಡಿಯೋ ಪಾರ್ಟಿ, ಜೊತೆಗೆ ಅತ್ತೆ ಬೇಸಿಗೇಲಿ ಬೀಜ ನೆನೆಸೋ ಕಾಮಕಸ್ತೂರಿ. ಒಟ್ಟು ನಾಲ್ಕು ಪಾಟ್. ಈಗ ವರ್ಷ ದಾಟಿದೆ. ನಾನು ಡಾಕ್ಟರ್ ಅಲ್ಲ, ಆಯುರ್ವೇದ ಓದಿಲ್ಲ, ಇದು ಒಂದು ಮನೆ, ಒಂದು ಬಾಲ್ಕನಿ, ನಾಲ್ಕು ಜನರ ಮೂಗು ಗಂಟಲು ಹೊಟ್ಟೆ ಮೇಲೆ ಆದ ಪ್ರಯೋಗ ಅಷ್ಟೇ, ಹಾಗೇ ಓದ್ಕೊಳ್ಳಿ.

ಮೊದ್ಲು ಆಶ್ಚರ್ಯ ಆಗಿದ್ದು ಈ ನಾಲ್ಕೂ ಒಂದೇ ಕುಟುಂಬದ್ದು ಅಂತ ಗೊತ್ತಾದಾಗ. ಪುದೀನ ಕುಟುಂಬ, ಸಸ್ಯಶಾಸ್ತ್ರದೋರು ಲೇಮಿಯೇಸಿ ಅಂತಾರೆ, ಏಳು ಸಾವಿರಕ್ಕೂ ಜಾಸ್ತಿ ಜಾತಿ ಇದ್ಯಂತೆ ಅದ್ರಲ್ಲಿ. ಎಳೆ ಕಾಂಡಾನ ಬೆರಳ ಮಧ್ಯ ಇಟ್ಟು ಉರುಳಿಸಿ ನೋಡಿ, ದುಂಡಗೆ ಉರುಳಲ್ಲ, ನಾಲ್ಕು ಮೂಲೆ ತಾಗತ್ತೆ. ಎಲೆ ಎದುರುಬದುರು ಜೋಡಿ ಜೋಡಿಯಾಗಿ ಬಂದು, ಮುಂದಿನ ಜೋಡಿ ಅದಕ್ಕೆ ಅಡ್ಡಡ್ಡ ಕೂತಿರತ್ತೆ. ಹೂವು ಎರಡು ತುಟಿ ತೆರ್ಕೊಂಡ ಹಾಗೆ, ಅದಕ್ಕೇ ಹಳೇ ಹೆಸರು ಲೇಬಿಯೇಟೆ, ತುಟಿ ಅನ್ನೋ ಅರ್ಥದ್ದು. ಆದ್ರೆ ಚೌಕ ಕಾಂಡ ಒಂದನ್ನೇ ನಂಬ್ಕೋಬೇಡಿ, ಬೇಲಿ ಸಾಲಲ್ಲಿ ಬೆಳೆಯೋ ಲಂಟಾನಾಗೂ ಕಾಂಡ ಚೌಕಾನೇ, ಎಲೆ ಎದುರುಬದುರೇ, ಆದ್ರೂ ಅದು ಬೇರೆ ಕುಟುಂಬ. ಇನ್ನೊಂದು ಮಜಾ ಅಂದ್ರೆ ಲಕ್ಕಿ ಸೊಪ್ಪು, ಅಷ್ಟ್ಯಾಕೆ ತೇಗದ ಮರ ಕೂಡ ಹಿಂದೆ ಆ ಲಂಟಾನಾ ಕುಟುಂಬದಲ್ಲಿದ್ದು ಈಗ ಪುದೀನ ಕುಟುಂಬಕ್ಕೆ ಬಂದು ಸೇರಿವೆ. ನಮ್ಮನೆ ಮುಂಬಾಗಿಲು ತೇಗದ್ದು, ಪಾಟಲ್ಲಿರೋ ಪುದೀನಾಗೆ ದೂರದ ದೊಡ್ಡಪ್ಪ ಆದ ಹಾಗಾಯ್ತು.

ಹೂ ಮಾರೋರ ಹತ್ರ ಸಿಗೋ ಮರುಗಾನೂ ಈ ಕುಟುಂಬಾನೇ. ಆದ್ರೆ ಅದರ ಪಕ್ಕದಲ್ಲೇ ಇರೋ ದವನ ಅಲ್ಲ, ಅದು ಸೇವಂತಿಗೆ ಕಡೆಯ ನೆಂಟ.

ಮೊದ್ಲು ಬೆಳ್ಸೋ ಕಥೆ. ನಮ್ದು ಮೂರನೇ ಮಹಡಿ, ಪೂರ್ವಕ್ಕೆ ಬಾಲ್ಕನಿ, ಬಿಸಿಲು ಹನ್ನೊಂದು ಗಂಟೆವರೆಗೆ ಮಾತ್ರ. ಪ್ರಯೋಗಕ್ಕೆ ಅಂತ ಇನ್ನೊಂದು ತುಳಸಿ ಗಿಡ ಮತ್ತೆ ಕುಂಡಗಳನ್ನ ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿ ಸಾಲಲ್ಲಿ ತಂದೆ. ದೊಡ್ಡಪತ್ರೆಗೆ ಒಂದು ರೂಪಾಯೂ ಖರ್ಚಿಲ್ಲ, ಊರಿಂದ ಬರೋವಾಗ ಅಮ್ಮ ಒದ್ದೆ ಬಟ್ಟೇಲಿ ಸುತ್ತಿ ಎರಡು ಕಡ್ಡಿ ಕೊಟ್ಟಿದ್ಲು. ಬಸ್ಸಲ್ಲಿ ಒಂದು ರಾತ್ರಿ, ಮನೇಲಿ ಮರ್ತು ಇನ್ನೊಂದು ದಿನ, ಆಮೇಲೆ ಚುಚ್ಚಿದ್ರೂ ಹತ್ತು ದಿನಕ್ಕೆ ಚಿಗುರು. ಕಾಮಕಸ್ತೂರಿಗೆ ಗ್ರಂಥಿಗೆ ಅಂಗಡೀಲಿ ಜ್ಯೂಸಿಗೆ ಅಂತ ಮಾರೋ ಬೀಜಾನೇ ಒಂದು ಚಿಟಿಕೆ ಚೆಲ್ಲಿದೆ, ಒಂದು ವಾರದಲ್ಲಿ ಹುಲ್ಲಿನ ಹಾಗೆ ಎದ್ದು ಬಂತು.

ಪುದೀನ ವಿಷಯದಲ್ಲಿ ಮಾತ್ರ ಮೋಸ ಹೋದೆ. ಆನ್‌ಲೈನಲ್ಲಿ "ಪುದೀನ ಬೀಜ" ಅಂತ ಒಂದು ಪ್ಯಾಕೆಟ್ ತರ್ಸಿ, ತಿಂಗಳು ನೀರು ಹಾಕಿ, ಬೆಳೆದಿದ್ದು ನೋಡಿದ್ರೆ ಅದ್ಯಾವ್ದೋ ಕಳೆ, ವಾಸನೇನೇ ಇಲ್ಲ. ಆಮೇಲೆ ಓದಿದ್ಮೇಲೆ ಗೊತ್ತಾಯ್ತು, ಪುದೀನಾನ ಬೀಜದಿಂದ ಬೆಳ್ಸೋ ರೂಢಿನೇ ಇಲ್ಲ, ಬೀಜದಿಂದ ಬಂದ್ರೂ ತಾಯಿ ಗಿಡದ ಹಾಗೇ ಬರಲ್ಲ, ಪೆಪ್ಪರ್‌ಮಿಂಟ್ ಅನ್ನೋದಂತೂ ಎರಡು ಜಾತಿ ಪುದೀನ ಬೆರೆತು ಹುಟ್ಟಿದ ಮಿಶ್ರತಳಿ, ಬೀಜಾನೇ ಕಟ್ಟಲ್ಲ, ಲೋಕದಲ್ಲಿರೋ ಅಷ್ಟೂ ಪೆಪ್ಪರ್‌ಮಿಂಟ್ ಕಡ್ಡಿ ಬೇರಿಂದಲೇ ಹಬ್ಬಿರೋದು. ಸರಿ, ತರಕಾರಿ ಗಾಡೀಲಿ ಒಂದು ಕಟ್ಟು ತಂದು, ಎಲೆ ಚಟ್ನಿಗೆ ಬಿಡಿಸ್ಕೊಂಡು, ಉಳಿದ ದಪ್ಪ ಕಡ್ಡಿ ಲೋಟದ ನೀರಲ್ಲಿ ಇಟ್ಟೆ. ಆರನೇ ದಿನಕ್ಕೆ ಬಿಳೀ ಬೇರು. ಬೀಜದ ಪ್ಯಾಕೆಟ್ಟಿಗೆ ಕೊಟ್ಟ ದುಡ್ಡಲ್ಲಿ ಹತ್ತು ಕಟ್ಟು ಬರ್ತಿತ್ತು.

ವರ್ಷ ಪೂರ್ತಿ ನೋಡ್ಕೊಳ್ಳೋ ಲೆಕ್ಕದಲ್ಲಿ ದೊಡ್ಡಪತ್ರೆ ಹತ್ರ ಯಾವ್ದೂ ನಿಲ್ಲಲ್ಲ. ಎಲೇಲೇ ನೀರು ತುಂಬ್ಕೊಂಡಿರತ್ತೆ, ದಸರಾ ರಜೆಗೆ ಹನ್ನೆರಡು ದಿನ ಊರಿಗೆ ಹೋಗಿ ಬಂದ್ರೆ ಪುದೀನ ಒಣಗಿ ಪೊರಕೆ ಕಡ್ಡಿ ಆಗಿತ್ತು, ಕಾಮಕಸ್ತೂರಿ ತಲೆ ಬಗ್ಸಿತ್ತು, ತುಳಸಿ ಅರ್ಧ ಎಲೆ ಉದುರ್ಸಿತ್ತು, ದೊಡ್ಡಪತ್ರೆ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ದುಂಡಗೆ ಕೂತಿತ್ತು. ಅದಕ್ಕೆ ಶತ್ರು ಅಂದ್ರೆ ನಾವೇ, ಪ್ರೀತಿ ಜಾಸ್ತಿ ಆಗಿ ದಿನಾ ನೀರು ಹಾಕಿದ್ರೆ ಬುಡ ಕೊಳೆಯತ್ತೆ. ಮಳೆಗಾಲದಲ್ಲಿ ಒಂದ್ಸಲ ಹಂಗೇ ಕೊಳೆತು ಹೋಗಿ, ತುದಿ ಮುರ್ದು ಬೇರೆ ಪಾಟಿಗೆ ಚುಚ್ಚಿ ಉಳಿಸ್ಕೊಂಡೆ.

ಪುದೀನ ಉಲ್ಟಾ, ನೀರು ಬೇಕೇ ಬೇಕು, ಜೊತೆಗೆ ಜಾಗದ ಆಸೆ ಜಾಸ್ತಿ. ಮಣ್ಣಿನ ಕೆಳಗೆ ಬೇರು ಓಡ್ಸಿ ಕಾಮಕಸ್ತೂರಿ ಪಾಟಿನ ಕಡೆ ಕೈ ಚಾಚಿತ್ತು, ಅದಕ್ಕೆ ಒಂಟಿ ಪಾಟೇ ಸರಿ. ತುಳಸಿ ಬಿಸಿಲು ಸಾಲ್ದೆ ಉದ್ದುದ್ದ ಆಯ್ತು, ಜೊತೆಗೆ ಎಲೆ ಕೆಳಗೆ ಸಣ್ಣ ಕಪ್ಪು ಹುಳ, ಎಲೆ ಮುದುರಿ ಕಪ್ಪು ಚುಕ್ಕೆ. ಬೇವಿನೆಣ್ಣೆಗೆ ಎರಡು ಹನಿ ಪಾತ್ರೆ ತೊಳೆಯೋ ಸೋಪು ಸೇರ್ಸಿ ಸ್ಪ್ರೇ ಮಾಡ್ದೆ, ಮೂರು ಸಲಕ್ಕೆ ಹತೋಟಿಗೆ ಬಂತು, ಆ ವಾರ ಎಲ್ಲ ಎಲೆ ತಿನ್ನಂಗಿಲ್ಲ. ಇನ್ನೊಂದು, ತುಳಸಿಗೆ ಹೂತೆನೆ ಬಂದ ತಕ್ಷಣ ಚಿವುಟ್ತಾ ಇರ್ಬೇಕು, ಬಿಟ್ರೆ ಬೀಜ ಕಟ್ಟಿ ಗಿಡಕ್ಕೆ ವಯಸ್ಸಾಗ್ಬಿಡತ್ತೆ. ಕಾಮಕಸ್ತೂರಿಗೂ ಅದೇ ಕಥೆ, ಅದರ ಆಯಸ್ಸೂ ಕಡ್ಮೆ, ಆರೇಳು ತಿಂಗಳಿಗೆ ಒಣಗ್ತು. ಆದ್ರೆ ಅದು ಹೂ ಬಿಟ್ಟ ದಿನಗಳಲ್ಲಿ ಮೂರನೇ ಮಹಡಿಗೆ ಜೇನ್ನೊಣ ಹುಡುಕ್ಕೊಂಡು ಬಂದಿದ್ದು ನೋಡಿ ಚಿವುಟೋಕೆ ಮನಸ್ಸು ಬರ್ಲಿಲ್ಲ.

ಈಗ ಮುಖ್ಯ ವಿಷಯ, ಶೀತ ಕೆಮ್ಮು. ಈ ವರ್ಷ ನಂಗೇ ಮೂರು ಸಲ ಚೆನ್ನಾಗಿ ಶೀತ ಆಯ್ತು, ಒಂದೊಂದ್ಸಲ ಒಂದೊಂದು ಗಿಡ ಅಂತ ಹಟ ಹಿಡ್ದೆ. ಮೂರು ಶೀತಾನೂ ಒಂದೇ ತರ ಇರ್ಲಿಲ್ಲ, ಹಂಗಾಗಿ ಪಕ್ಕಾ ಹೋಲಿಕೆ ಅಲ್ಲ, ಗೊತ್ತು. ಅದೂ ಅಲ್ದೆ ಮಾಮೂಲಿ ಶೀತ ಅದರ ಪಾಡಿಗೆ ಅದೇ ಹೋಗತ್ತೆ, ಯಾವ ಎಲೆ ತಿಂದ್ರೂ ಮೂಗು ಸೋರೋ ದಿನಗಳೇನೂ ಕಡ್ಮೆ ಆಗ್ಲಿಲ್ಲ. ನಾನು ನೋಡಿದ್ದು ಯಾವ್ದು ಜಾಸ್ತಿ ಹಾಯ್ ಅನ್ಸತ್ತೆ ಅಂತ ಅಷ್ಟೇ.

ತುಳಸಿ ಕಷಾಯಕ್ಕೆ ಹತ್ತು ಹನ್ನೆರಡು ಎಲೆ, ನಾಲ್ಕು ಕಾಳುಮೆಣಸು, ಒಂದು ತುಂಡು ಶುಂಠಿ, ಬೆಲ್ಲ. ಮೊದ್ಲೆಲ್ಲ ನಾನು ಎಲೆ ಹಾಕಿ ಕುದಿಸಿ ಕುದಿಸಿ ಅರ್ಧ ಇಳಿಸ್ತಿದ್ದೆ, ಅಡುಗೆಮನೆ ತುಂಬ ಘಮ ಅಂತಿತ್ತು. ಆ ಘಮ ಅಡುಗೆಮನೇಲಿದ್ರೆ ಲೋಟದಲ್ಲಿ ಇಲ್ಲ ಅಂತ ತಾನೇ ಅರ್ಥ? ಈ ಕುಟುಂಬದ ಗಿಡಗಳಿಗೆ ಎಲೆ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಚೀಲಗಳಿರತ್ತೆ, ಮುಟ್ಟಿದ್ರೆ ಒಡೆಯತ್ತೆ, ಬಿಸಿಗೆ ಎಣ್ಣೆ ಹಾರಿ ಹೋಗತ್ತೆ. ಈಗ ಶುಂಠಿ ಮೆಣಸು ಕುದಿಸಿ, ಒಲೆ ಆರ್ಸಿ, ಆಮೇಲೆ ಎಲೆ ಕಿವುಚಿ ಹಾಕಿ ತಟ್ಟೆ ಮುಚ್ಚಿಡ್ತೀನಿ, ಹತ್ತು ನಿಮಿಷ. ರುಚಿ ಬೇರೆ ಲೆವೆಲ್ಲು. ಗಂಟಲಿಗೆ ಇಳಿಯೋವಾಗ ಸ್ವಲ್ಪ ಜೋಮು ಹಿಡಿದ ಹಾಗೆ, ಲವಂಗ ಕಚ್ಚಿದ ಹಾಗೆ ಅನ್ಸತ್ತೆ, ಅನ್ಸ್ಲೇಬೇಕು ಯಾಕಂದ್ರೆ ಎರಡ್ರಲ್ಲೂ ಇರೋದು ಯೂಜಿನಾಲ್ ಅನ್ನೋ ಒಂದೇ ಘಾಟು. ಹಲ್ಲಿನ ಡಾಕ್ಟರ್ ಕ್ಲಿನಿಕ್ಕಿಗೆ ಕಾಲಿಟ್ಟ ತಕ್ಷಣ ಒಂದು ವಾಸನೆ ಬರತ್ತಲ್ಲ, ಹಲ್ಲಿಗೆ ತಾತ್ಕಾಲಿಕವಾಗಿ ತುಂಬೋ ಸಿಮೆಂಟಲ್ಲಿ ಇರೋದೂ ಅದೇ. ಗಂಟಲು ಕೆರೆತಕ್ಕೆ ತುಳಸಿ ನಿಜವಾಗ್ಲೂ ಚೆನ್ನಾಗಿ ಆಯ್ತು. ಕಟ್ಟಿದ ಮೂಗಿಗೆ ಬಿಸಿ ಆವಿ ಮಾಡಿದ್ದಷ್ಟೇ ಉಪಕಾರ.

ಅತ್ತೆಗೆ ಶುಗರ್ ಮಾತ್ರೆ ಇದೆ, ಅವ್ರು ದಿನಾ ಬೆಳಗ್ಗೆ ತುಳಸಿ ಕಷಾಯ ಕುಡೀತೀನಿ ಅಂತ ಶುರು ಮಾಡಿದಾಗ ನಾನು ಡಾಕ್ಟ್ರನ್ನ ಕೇಳ್ಸಿದೆ. ತುಳಸಿಗೆ ಶುಗರ್ ಇಳಿಸೋ ಗುಣ ಇದ್ಯಾ ಅಂತ ಮನುಷ್ಯರ ಮೇಲೇ ಸಣ್ಣ ಪುಟ್ಟ ಅಧ್ಯಯನ ಆಗಿವೆ, ಮಾತ್ರೆ ಜೊತೆ ಸೇರಿದ್ರೆ ಗಮನ ಇರ್ಲಿ ಅಂದ್ರು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರೂ ಕೇಳ್ಕೊಂಡೇ ದಿನಾ ಕುಡಿಯೋದು ಒಳ್ಳೇದು. ಪೂಜೆ ಮಾಡಿ ತೀರ್ಥದಲ್ಲಿ ಎರಡು ದಳ ತಗೊಳ್ಳೋದಕ್ಕೆ ಇದೆಲ್ಲ ಲೆಕ್ಕ ಬೇಡ.

ಎರಡನೇ ಶೀತ ಕಾರ್ತಿಕದಲ್ಲಿ, ಸರದಿ ದೊಡ್ಡಪತ್ರೆದು. ಅಮ್ಮ ಹೇಳಿದ ಹಾಗೆ ನಾಲ್ಕು ಎಲೆ ಬಿಸಿ ಕಾವಲಿ ಮೇಲೆ ಎರಡೂ ಕಡೆ ಬಾಡ್ಸಿ, ಕೈ ಸುಡ್ತಾ ಸುಡ್ತಾ ಹಿಂಡಿದ್ರೆ ಒಂದು ಚಮಚ ರಸ. ಹಸೀ ಎಲೆ ಹಿಂಡಿದ್ರೆ ಇಷ್ಟು ಬರಲ್ಲ. ಜೇನುತುಪ್ಪ ಸೇರ್ಸಿ ನೆಕ್ಕಿದೆ. ಅಬ್ಬಾ, ಮೊದ್ಲು ಖಾರ, ಆಮೇಲೆ ಓಮ ಅಗಿದ ಹಾಗೆ, ಎದೆವರೆಗೆ ಬಿಸಿ ಇಳಿದ ಹಾಗೆ. ಅರ್ಧ ಗಂಟೇಲಿ ಕಫ ಸಡಿಲ ಆಗಿ ಕೆಮ್ಮಿದ್ರೆ ಬರೋ ಹಾಗಾಯ್ತು, ಒಣ ಕೆಮ್ಮು ಕೆಮ್ಮಿ ಕೆಮ್ಮಿ ಹೊಟ್ಟೆ ನೋಯೋದು ತಪ್ತು. ರಾತ್ರಿ ಎರಡು ಸಲ ಮಾತ್ರ ಎದ್ದೆ. ಇದ್ರಲ್ಲಿ ಜೇನುತುಪ್ಪದ ಪಾಲೆಷ್ಟು ಎಲೆದೆಷ್ಟು ಅಂತ ಬೇರೆ ಮಾಡೋದು ಕಷ್ಟ, ಜೇನುತುಪ್ಪಾನೇ ಕೆಮ್ಮಿಗೆ ಒಳ್ಳೇದು ಅನ್ನೋದಕ್ಕೆ ಅಧ್ಯಯನ ಇವೆ. ಮಾರನೇ ರಾತ್ರಿ ಬರೀ ಜೇನು ತಗೊಂಡು ನೋಡ್ದೆ, ಗಂಟಲಿಗೆ ಹಿತ ಅನ್ಸ್ತು, ಆದ್ರೆ ಆ ಎದೆ ಬಿಸಿ ಇಲ್ಲ. ಮೂರನೇ ರಾತ್ರಿ ಮತ್ತೆ ಎಲೆಗೇ ವಾಪಸ್. ಒಂದು ಎಚ್ಚರ, ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪ ಕೊಡ್ಲೇಬಾರ್ದು, ಹಳೇ ಕಾಲದೋರು ಕೊಡ್ತಿದ್ರು ಅಂತ ಕೊಡ್ಬೇಡಿ.

ಓಮದ ವಾಸನೆ ಯಾಕೆ ಅಂದ್ರೆ ದೊಡ್ಡಪತ್ರೇಲಿ ಇರೋದು ಕಾರ್ವಕ್ರಾಲ್, ಥೈಮಾಲ್ ಅನ್ನೋ ಎರಡು ಘಾಟು, ಥೈಮಾಲೇ ಓಮದ ಪ್ರಾಣ. ಆದ್ರೆ ಓಮದ ಗಿಡ ಬೇರೇನೇ, ಅದು ಕೊತ್ತಂಬರಿ ಜೀರಿಗೆ ಕುಟುಂಬದ್ದು, ತುಂಬ ಜನ ದೊಡ್ಡಪತ್ರೇನೇ ಓಮದ ಗಿಡ ಅನ್ಕೊಂಡು ಬೀಜಕ್ಕೆ ಕಾಯ್ತಾರೆ, ಹಿಂದೀಲೂ ಪತ್ತಾ ಅಜ್ವಾಯಿನ್ ಅಂತ ಕರ್ದು ಗೊಂದಲ ಜಾಸ್ತಿ ಮಾಡಿದ್ದಾರೆ. ನಮ್ಮಲ್ಲೇ ಹೆಸರಿನ ಗೋಜಲು ಕಮ್ಮಿ ಇಲ್ಲ, ಸಾಂಬಾರ ಸೊಪ್ಪು, ಕರ್ಪೂರವಳ್ಳಿ ಅಂತೆಲ್ಲ ಅಂತಾರೆ. ಇನ್ನು ಮಂಗಳೂರು ಕಡೆ ಸಾಂಬ್ರಾಣಿ ಅಂದ್ರೆ ಸಣ್ಣ ಗೆಡ್ಡೆ, ಸುಲಿಯೋಕೆ ತಾಳ್ಮೆ ಬೇಕಾಗೋ ಗೆಡ್ಡೆ, ಮಜಾ ಅಂದ್ರೆ ಅದೂ ಇದೇ ಕುಟುಂಬ. ಪಿಜ್ಜಾ ಜೊತೆ ಬರೋ ಆರಿಗಾನೋ ಪ್ಯಾಕೆಟ್ಟಲ್ಲೂ ಕಾರ್ವಕ್ರಾಲೇ ಘಮ ಅನ್ನೋದು. ಮಗಳ ಕೈಲಿ ಕಣ್ಣು ಮುಚ್ಚಿಸಿ ಎರಡೂ ಮೂಸೋಕೆ ಕೊಟ್ಟೆ, ಎಲೆ ಮೂಸಿ "ಪಿಜ್ಜಾ" ಅಂದ್ಲು. ಅವತ್ತಿಂದ ಅವ್ಳು ದೊಡ್ಡಪತ್ರೆ ಪಕ್ಷ.

ಈ ಕಾರ್ವಕ್ರಾಲ್ ಬ್ಯಾಕ್ಟೀರಿಯಾ ಸಾಯಿಸತ್ತೆ ಅಂತ ಬೇಕಾದಷ್ಟು ಲ್ಯಾಬ್ ಪ್ರಯೋಗ ಇದೆ. ಆದ್ರೆ ಗಾಜಿನ ತಟ್ಟೇಲಿ ಎಣ್ಣೆ ಸುರಿಯೋದು ಬೇರೆ, ನಾವು ಒಂದು ಚಮಚ ರಸ ನೆಕ್ಕೋದು ಬೇರೆ. ಅದೂ ಅಲ್ದೆ ಮಾಮೂಲಿ ಶೀತ ಬರೋದು ವೈರಸ್ಸಿಂದ, ಬ್ಯಾಕ್ಟೀರಿಯಾದಿಂದ ಅಲ್ಲ. ಹಾಗಾಗಿ "ದೊಡ್ಡಪತ್ರೆ ಆಂಟಿಬಯಾಟಿಕ್" ಅಂತ ಫಾರ್ವರ್ಡ್ ಬಂದ್ರೆ ನಾನು ಮುಂದಕ್ಕೆ ಕಳ್ಸಲ್ಲ.

ಮೂರನೇ ಶೀತ ಮಾಘದಲ್ಲಿ, ಪುದೀನ. ಇದ್ರಲ್ಲೇ ನನ್ ತಲೇಲಿದ್ದ ಒಂದು ದೊಡ್ಡ ತಪ್ಪು ಹೋಯ್ತು. ಪುದೀನ ಅಂದ್ರೆ ಮೂಗು ಬಿಡತ್ತೆ, ತಣ್ಣಗಾಗತ್ತೆ, ಬಾಮ್ ಹಾಗೆ, ಅನ್ಕೊಂಡು ಒಂದು ಹಿಡಿ ಎಲೆ ಹಾಕಿ ಟೀ ಮಾಡಿ ಕುಡ್ದೆ, ಆವಿ ತಗೊಂಡೆ. ಏನೂ ಇಲ್ಲ! ಘಮ ಇದೆ, ತಂಪೇ ಇಲ್ಲ. ಯಾಕೆ ಅಂತ ಹುಡುಕಿದ್ರೆ ನಮ್ಮ ಸಂತೇಲಿ ಸಿಗೋ ಚಟ್ನಿ ಪುದೀನ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್ ಜಾತಿದು, ಅದರ ಘಮ ಕಾರ್ವೋನ್ ಅನ್ನೋದ್ರಿಂದ, ಮೆಂಥಾಲ್ ಅದ್ರಲ್ಲಿ ಇಲ್ಲ ಅನ್ನೋಷ್ಟು ಕಡ್ಮೆ. ಬಾಮು, ಕೆಮ್ಮಿನ ಗುಳಿಗೆ, ಟೂತ್‌ಪೇಸ್ಟಿಗೆ ಹೋಗೋ ಮೆಂಥಾಲ್ ಬರೋದು ಬೇರೆ ಪುದೀನದಿಂದ, ಉತ್ತರಪ್ರದೇಶದ ಬಾರಾಬಂಕಿ ಕಡೆ ಎಕರೆಗಟ್ಲೆ ಬೆಳೆದು ಎಣ್ಣೆ ಭಟ್ಟಿ ಇಳಿಸ್ತಾರಲ್ಲ ಅದರಿಂದ. ಲಖನೌದ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ, ಸೀಮ್ಯಾಪ್, ಅವ್ರೇ ಕೋಸಿ ಅನ್ನೋ ತಳಿ ಕೊಟ್ಟಿದ್ದು, ಅದರ ಒಂದು ಕೇಂದ್ರ ನಮ್ಮ ಬೆಂಗಳೂರಲ್ಲೂ ಇದೆ. ನಾವು ಚಿಕ್ಕವರಿದ್ದಾಗ ಯಾವ ಮಿಠಾಯಿ ಆದ್ರೂ "ಪೆಪ್ಪರ್ಮೆಂಟು" ಅಂತಲೇ ಕೇಳ್ತಿದ್ವಿ, ಕಿತ್ತಳೆ ರುಚಿದಕ್ಕೂ ಅದೇ ಹೆಸರು, ಆ ಪದದೊಳಗೆ ಒಂದು ಪುದೀನ ಕೂತಿದೆ ಅಂತ ಈಗ ತಿಳೀತು.

ಕಾರ್ವೋನ್ ಬಗ್ಗೆ ಇನ್ನೊಂದು ಹೇಳ್ಲೇಬೇಕು. ಅದಕ್ಕೆ ಎರಡು ರೂಪ, ಎಡಗೈ ಬಲಗೈ ಇದ್ದ ಹಾಗೆ, ಅಂಗಾಂಗ ಎಲ್ಲ ಒಂದೇ ಆದ್ರೆ ಕನ್ನಡಿ ಬಿಂಬ. ಒಂದು ಕೈ ಪುದೀನ ವಾಸನೆ, ಇನ್ನೊಂದು ಕೈ ಸಬ್ಬಸಿಗೆ ಬೀಜದ ವಾಸನೆ. ನಮ್ಮ ಮೂಗಿಗೆ ಎಡ ಬಲ ಗೊತ್ತಾಗತ್ತೆ ನೋಡಿ.

ಇನ್ನು ಮೆಂಥಾಲಿನ ತಂಪು ಇದ್ಯಲ್ಲ, ಅದೂ ಒಂದು ತರ ಕಣ್ಕಟ್ಟು. ಚರ್ಮದಲ್ಲಿ, ಮೂಗಲ್ಲಿ ಚಳಿ ಗುರುತಿಸೋ ಒಂದು ಬಾಗಿಲು ಇದೆ, ಟಿಆರ್‌ಪಿಎಂ8 ಅಂತ ಹೆಸರು, ಮೆಂಥಾಲ್ ಆ ಬಾಗಿಲು ತಟ್ಟತ್ತೆ, ಮೆದುಳಿಗೆ ಚಳಿ ಅಂತ ಸುದ್ದಿ ಹೋಗತ್ತೆ, ನಿಜವಾಗಿ ಒಂದು ಡಿಗ್ರಿನೂ ತಣ್ಣಗಾಗಿರಲ್ಲ. ಇದನ್ನ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಅನ್ನೋ ವಿಜ್ಞಾನಿಗಳು ಇಬ್ರೂ ಬೇರೆಬೇರೆಯಾಗಿ 2002ರಲ್ಲಿ ಮೆಂಥಾಲ್ ಇಟ್ಕೊಂಡೇ ಕಂಡುಹಿಡಿದ್ರು, ಬಿಸಿ, ತಂಪು, ಸ್ಪರ್ಶ ನಮಗೆ ಹೇಗೆ ಗೊತ್ತಾಗತ್ತೆ ಅನ್ನೋ ಒಟ್ಟು ಕೆಲ್ಸಕ್ಕೆ 2021ರಲ್ಲಿ ನೊಬೆಲ್ ಬಂತು. ಮೂಗಿನ ಅಧ್ಯಯನಗಳಲ್ಲೂ ಇದೇ ಕಥೆ, ಮೆಂಥಾಲ್ ಎಳ್ಕೊಂಡ್ರೆ ಮೂಗು ಬಿಟ್ಟ ಹಾಗೆ ಅನ್ಸತ್ತೆ, ಗಾಳಿ ಹೋಗೋ ದಾರಿ ಅಳೆದ್ರೆ ಇದ್ದ ಹಾಗೇ ಇರತ್ತೆ. ನಂಗಂತೂ ಅನ್ಸಿದ್ರೂ ಸಾಕು, ನಿದ್ದೆ ಬರತ್ತೆ. ಆದ್ರೆ ಹಸುಗೂಸಿನ ಮೂಗಿಗೆ ಮೆಂಥಾಲ್ ಬಾಮ್ ಹಚ್ಚೋದು ಅಪಾಯ, ಉಸಿರೇ ಸಿಕ್ಕಾಕೊಳ್ಳೋ ಸಾಧ್ಯತೆ ಇದೆ, ಇದನ್ನ ನಮ್ಮ ಮಗಳು ಹುಟ್ಟಿದಾಗ ಯಾರೂ ಹೇಳಿರ್ಲಿಲ್ಲ.

ಸೋ ಶೀತದಲ್ಲಿ ನನ್ನ ತೀರ್ಪು: ಕಫ ಕೆಮ್ಮಿಗೆ ದೊಡ್ಡಪತ್ರೆ, ಗಂಟಲಿಗೆ ತುಳಸಿ, ಮನೆ ಪುದೀನ ಇದ್ರಲ್ಲಿ ಫೇಲು. ಕಾಮಕಸ್ತೂರಿ ಎಲೆ ಕಷಾಯ ಒಂದ್ಸಲ ಮಾಡ್ದೆ, ಸೋಂಪು ಹಾಕಿದ ಟೀ ಹಾಗಿತ್ತು, ಕುಡಿಯೋಕೆ ಚೆಂದ, ಅಷ್ಟೇ.

ಹೊಟ್ಟೆ ವಿಷಯಕ್ಕೆ ಬಂದ್ರೆ ಪುದೀನ ತಲೆ ಎತ್ತತ್ತೆ. ಮದುವೆ ಊಟ ಆಗಿ ಹೊಟ್ಟೆ ಉಬ್ಬರ ಇದ್ದಾಗ ಪುದೀನ, ಜೀರಿಗೆ, ಉಪ್ಪು ಹಾಕಿದ ಮಜ್ಜಿಗೆ ಕುಡಿದ್ರೆ ಹದಿನೈದು ನಿಮಿಷಕ್ಕೆ ತೇಗು ಬಂದು ಹಗುರ. ಪೆಪ್ಪರ್‌ಮಿಂಟ್ ಎಣ್ಣೆ ಕರುಳಿನ ಸ್ನಾಯು ಸಡಿಲ ಮಾಡತ್ತೆ, ಪದೇ ಪದೇ ಹೊಟ್ಟೆ ಕೆಡೋ ಐಬಿಎಸ್ ತೊಂದ್ರೆಗೆ ಅದರ ಕ್ಯಾಪ್ಸೂಲ್ ಡಾಕ್ಟ್ರೇ ಕೊಡ್ತಾರೆ, ಈ ಕುಟುಂಬದಲ್ಲಿ ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆ ಆಗಿರೋ ಪೈಕಿ ಇದು ಮುಂದೆ. ಆದ್ರೆ ಅದೇ ಸಡಿಲ ಮಾಡೋ ಗುಣ ನಮ್ಮನೆಯವ್ರಿಗೆ ಮುಳುವಾಯ್ತು. ಅವ್ರಿಗೆ ಎದೆ ಉರಿ ಇದೆ, ವಿಡಿಯೋ ನೋಡಿ ಮಲಗೋ ಮುಂಚೆ ಪುದೀನ ಟೀ, ಅದೂ ಅಂಗಡಿಯ ಪೆಪ್ಪರ್‌ಮಿಂಟ್ ಪೊಟ್ಟಣ, ಒಂದು ವಾರ ಕುಡಿದ್ರು, ಮೂರನೇ ದಿನದಿಂದ ರಾತ್ರಿ ಎದ್ದು ಕೂರೋದು. ಹೊಟ್ಟೆ ಮೇಲಿನ ಬಾಯೂ ಸಡಿಲ ಆದ್ರೆ ಹುಳಿ ಮೇಲೆ ಬರ್ದೆ ಇನ್ನೇನಾಗತ್ತೆ? ನಿಲ್ಸಿದ್ಮೇಲೆ ಸರಿ ಹೋಯ್ತು. ವಿಡಿಯೋ ಪಾರ್ಟಿ ಅಲ್ಲಿಗೆ ಠೇವಣಿ ಕಳ್ಕೊಂಡ್ತು.

ಅವ್ರ ಹೊಟ್ಟೆಗೆ ಒಗ್ಗಿದ್ದು ದೊಡ್ಡಪತ್ರೆ ತಂಬುಳಿ. ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸು ತುಪ್ಪದಲ್ಲಿ ಬಾಡ್ಸಿ, ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ಬೀಸಿ, ಹುಳಿ ಇಲ್ಲದ ಮಜ್ಜಿಗೆಗೆ ಬೆರ್ಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ. ಕುದಿಸ್ಬೇಡಿ. ಬಿಸಿ ಅನ್ನಕ್ಕೆ ಕಲಸಿ ತಿಂದು ಉಳಿದಿದ್ದು ಕುಡಿಯೋದು. ಊರಲ್ಲಿ ಇದು ಬೇಸಿಗೆ ಮಧ್ಯಾಹ್ನದ ಊಟ, ಇಲ್ಲಿ ಮೈಸೂರಿನ ಅತ್ತೆ ಮೊದ್ಲ ದಿನ "ಇದೇನು, ತಣ್ಣಗಿರೋ ಸಾರು?" ಅಂದ್ರು.

ಅಡುಗೇಲಿ ಉಳಿದವರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಚಟ್ನಿಗೆ, ಪಲಾವಿಗೆ ಪುದೀನಾನೇ ರಾಜ, ಬೆಂಗಳೂರಿನ ದೊನ್ನೆ ಬಿರಿಯಾನಿ ಹಸಿರು ಬಣ್ಣ ಬರೋದೇ ಪುದೀನ ಕೊತ್ತಂಬರಿಯಿಂದ (ನಮ್ಮನೇಲಿ ಮಾಡಲ್ಲ, ಆದ್ರೆ ಯಾರು ಎಲ್ಲಿ ತಿಂತಾರೆ ಅಂತ ನಂಗೆ ಗೊತ್ತು). ದೊಡ್ಡಪತ್ರೆ ಬಜ್ಜಿ ಮಳೆ ಬಂದ ದಿನ ಮಾಡಿದ್ರೆ ತಟ್ಟೆ ಖಾಲಿ, ಎಲೆ ದಪ್ಪ ಇರೋದ್ರಿಂದ ಒಳಗೆ ರಸ ಹಾಗೇ ಉಳ್ದಿರತ್ತೆ. ತುಳಸೀನ ಅಡುಗೆಗೆ ಹಾಕೋ ಯೋಚ್ನೆ ಮಾಡಿದ್ರೂ ಮನೇಲಿ ಯುದ್ಧ, ಬಿಟ್ಟೆ.

ಕಾಮಕಸ್ತೂರಿ ಗೆದ್ದಿದ್ದು ಬೇಸಿಗೇಲಿ, ಅದೂ ಬೀಜದಲ್ಲಿ. ಇಲ್ಲಿ ಎದುರಾಳಿ ಬೇರೆ ಬಂದ, ಚಿಯಾ. ನಮ್ಮನೆಯವ್ರ ಆಫೀಸಲ್ಲಿ ಎಲ್ರೂ ಚಿಯಾ ತಿಂತಾರೆ ಅಂತ ಅರ್ಧ ಕೇಜಿ ಬಂತು. ಅದೂ ಪುದೀನ ಕುಟುಂಬಾನೇ, ಮೂಲ ಮೆಕ್ಸಿಕೋ ಕಡೆದು, ಆದ್ರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನೋರು ರೈತರಿಗೆ ಪರಿಚಯ ಮಾಡ್ಸಿದ್ಮೇಲೆ ಎಚ್.ಡಿ. ಕೋಟೆ, ಚಾಮರಾಜನಗರ ಕಡೆ ಬೆಳೀತಿದ್ದಾರೆ. ಎರಡು ಲೋಟ, ಒಂದೊಂದು ಚಮಚ ಬೀಜ, ಟೈಮರ್ ಇಟ್ಟೆ. ಕಾಮಕಸ್ತೂರಿ ಐದು ನಿಮಿಷಕ್ಕೆ ಬೂದು ಅಂಗಿ ತೊಟ್ಟು, ಹದಿನೈದಕ್ಕೆ ಪೂರ್ತಿ ಊದಿ, ಕಪ್ಪೆ ಮೊಟ್ಟೆ ಹಾಗೆ ಬಿಡಿಬಿಡಿ. ಚಿಯಾ ಮುಕ್ಕಾಲು ಗಂಟೆ ತಗೊಂಡು, ಮುದ್ದೆ ಮುದ್ದೆ ಗಂಜಿ ಆಯ್ತು. ಪಾನಕಕ್ಕೆ, ನಿಂಬೆ ಶರಬತ್ತಿಗೆ ಕಾಮಕಸ್ತೂರಿ, ಮೊಸರಿಗೆ ಹಣ್ಣಿಗೆ ಚಿಯಾ. ಒಮೆಗಾ-3 ಕೊಬ್ಬು ಚಿಯಾದಲ್ಲಿ ಜಾಸ್ತಿ ಅನ್ನೋದು ನಿಜ, ಅದ್ರ ರೇಟೂ ಜಾಸ್ತಿ. ಯಾವ್ದೇ ಆಗ್ಲಿ ಒಣ ಬೀಜ ಹಾಗೇ ಬಾಯಿಗೆ ಹಾಕ್ಕೊಂಡು ನೀರು ಕುಡೀಬೇಡಿ, ಗಂಟಲಲ್ಲೇ ಊದ್ಕೊಂಡ್ರೆ ಕಷ್ಟ. ಅತ್ತೆ ಪ್ರಕಾರ ಕಾಮಕಸ್ತೂರಿ ಮೈ ಉಷ್ಣ ತೆಗೆಯತ್ತೆ. ಥರ್ಮಾಮೀಟರಲ್ಲಿ ನಂಗೇನೂ ಕಾಣ್ಲಿಲ್ಲ, ಆದ್ರೆ ಏಪ್ರಿಲ್ ಮಧ್ಯಾಹ್ನ ಅದನ್ನ ಕುಡಿದೋರು ವಾದ ಮಾಡಲ್ಲ.

ಸೊಳ್ಳೆ ಟೆಸ್ಟೂ ಮಾಡ್ದೆ, ಯಾಕಂದ್ರೆ "ತುಳಸಿ ಪಾಟ್ ಇಟ್ರೆ ಸೊಳ್ಳೆ ಬರಲ್ಲ" ಅಂತ ನರ್ಸರಿಯವ್ರೂ ಹೇಳಿದ್ರು. ನಾಲ್ಕೂ ಪಾಟನ್ನ ಸಾಲಾಗಿ ಕಿಟಕಿ ಕೆಳಗೆ ಜೋಡ್ಸಿ ಒಂದು ವಾರ ಸಂಜೆ ಆರರಿಂದ ಏಳು ಅಲ್ಲೇ ಕೂತೆ. ಚೆನ್ನಾಗಿ ಕಚ್ತು. ಮೂರನೇ ದಿನ ಒಂದು ಸೊಳ್ಳೆ ತುಳಸಿ ಎಲೆ ಮೇಲೇ ಕೂತು ರೆಸ್ಟ್ ತಗೋತಿತ್ತು, ಫೋಟೋ ಇದೆ. ಎಣ್ಣೆ ಎಲೆ ಮೇಲಿನ ಚೀಲದೊಳಗೆ ಭದ್ರ ಇದ್ರೆ ಸೊಳ್ಳೆಗೆ ಹೇಗೆ ಗೊತ್ತಾಗ್ಬೇಕು? ಎಲೆ ಕಿವುಚಿ ಕೈಗೆ ಉಜ್ಕೊಂಡ್ರೆ ಸ್ವಲ್ಪ ಹೊತ್ತು ಪರವಾಗಿಲ್ಲ, ಅದ್ರಲ್ಲೂ ಕಾಮಕಸ್ತೂರಿ, ಇಪ್ಪತ್ತು ನಿಮಿಷ ಆದ್ಮೇಲೆ ಮತ್ತೆ ಶುರು. ಅಷ್ಟೇ ಅಲ್ಲ, ಪಾಟಿನ ಕೆಳಗಿನ ತಟ್ಟೇಲಿ ನಿಂತಿದ್ದ ನೀರಲ್ಲಿ ಮರಿಗಳು ಕುಣೀತಿದ್ವು, ಅಂದ್ರೆ ಸೊಳ್ಳೆ ಓಡ್ಸೋಕೆ ಇಟ್ಟ ಪಾಟೇ ಸೊಳ್ಳೆ ಸಾಕ್ತಿತ್ತು. ತಟ್ಟೆಗಳನ್ನೆಲ್ಲ ಎತ್ತಿ ಬಿಸಾಕ್ದೆ.

ಒಂದೇ ಪಾಟಿಗೆ ಜಾಗ ಇರೋದು ಯಾವ್ದು ಇಡ್ಲಿ ಅಂತ ಯಾರಾದ್ರೂ ಕೇಳಿದ್ರೆ ದೊಡ್ಡಪತ್ರೆ ಅಂತೀನಿ, ಯೋಚ್ನೆನೇ ಮಾಡಲ್ಲ. ತುಳಸಿ ಅಂತೂ ಹೇಗೂ ಇದ್ದೇ ಇರತ್ತೆ, ಅದನ್ನ ಯಾರೂ ಸ್ಪರ್ಧೆಗೆ ನಿಲ್ಸಲ್ಲ. ಪುದೀನ ಹತ್ತು ರೂಪಾಯಿಗೆ ಗಾಡೀಲಿ ಬರತ್ತೆ, ಕಾಮಕಸ್ತೂರಿ ಬೀಜ ಡಬ್ಬೀಲಿ ಇಡಬಹುದು. ದೊಡ್ಡಪತ್ರೆ ಮಾತ್ರ ಬೇಕಾದ ರಾತ್ರಿ ಎಲ್ಲೂ ಸಿಗಲ್ಲ, ಮಾರೋರೇ ಕಡ್ಮೆ. ಈಗ ನಮ್ಮ ಬಿಲ್ಡಿಂಗಲ್ಲಿ ಏಳು ಮನೇಲಿ ನಮ್ಮಮ್ಮನ ಆ ಎರಡು ಕಡ್ಡಿ ಸಂತಾನ ಇದೆ.

ಹೋದ ತಿಂಗಳು ಏಕಾದಶಿ ಉಪವಾಸ ಮಾಡಿದ ಅತ್ತೆಗೆ ಮಾರನೇ ಬೆಳಗ್ಗೆ ಗಂಟಲು ಕಟ್ತು. ನಾನು ಅಡುಗೆಮನೇಲಿ ಪಾರಣೆಗೆ ಅಗಸೆ ಸೊಪ್ಪು ಬಿಡಿಸ್ತಾ ಕೂತಿದ್ದೆ, ದ್ವಾದಶಿ ದಿನ ತುಳಸಿ ಕೀಳೋ ಹಾಗಿಲ್ಲ, ಏನು ಮಾಡ್ತಾರೆ ನೋಡೋಣ ಅಂತ ಸುಮ್ನಿದ್ದೆ. ಬಾಲ್ಕನಿ ಕಡೆಯಿಂದ ಪಟ್ ಪಟ್ ಅಂತ ದಪ್ಪ ಎಲೆ ಮುರಿಯೋ ಸದ್ದು ಬಂತು, ಆಮೇಲೆ ಅತ್ತೆ ನಾಲ್ಕು ಎಲೆ ಸೆರಗಲ್ಲಿ ಹಿಡ್ಕೊಂಡು ಒಳಗೆ ಬಂದು ಕಾವಲಿ ಇಟ್ಟು, "ನಿಮ್ಮಮ್ಮನಿಗೆ ಹೇಳ್ಬೇಡ" ಅಂದ್ರು.